ಹಾಡು ಎಳೆದರೆ ಕೆಪಾಸಿಟರಿಗೆ ಕೈ ಹಾಕಬೇಡಿ, ಮೊದಲು ಸುತ್ತು ಎಣಿಸಿ

ಮಾಷ್ಟ್ರೇ, ಆ ಫ್ಯಾನಿನ ಕೆಪಾಸಿಟರನ್ನು ಈಗಲೇ ತೆಗೆಯಿರಿ, ಉಳಿದದ್ದು ಆಮೇಲೆ ಮಾತಾಡುವ. ಸೌದಿಯ ದಮ್ಮಾಮಿನಿಂದ ಬಂದ, ಮೋಟರು ರಬ್ಬರ್ ಬೆಲ್ಟಿನಿಂದ ರೆಕಾರ್ಡ್ ತಿರುಗಿಸುವ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್, ಹಾಡು ಎಳೆದ ಹಾಗೆ ಕೇಳುತ್ತದೆ, ಅಂಗಡಿಯವರು ಹೇಳಿದರೆಂದು 0.22 ಮೈಕ್ರೊಫ್ಯಾರಡ್ ಕೆಪಾಸಿಟರಿನ ಜಾಗಕ್ಕೆ ಫ್ಯಾನಿನ 2.5ರದ್ದು ಹಾಕಿದೆ, ಈಗ ಮೋಟರು ಗುಂಯ್ ಎನ್ನುತ್ತದೆ, ಮುಟ್ಟಲಿಕ್ಕಾಗದಷ್ಟು ಬಿಸಿ ಎಂದು ಬರೆದಿದ್ದೀರಿ. ಇನ್ನೂ ಅರ್ಧ ಗಂಟೆ ಓಡಿಸಿದರೆ ವೈಂಡಿಂಗ್ (ಮೋಟರಿನ ಒಳಗಿನ ತಂತಿ ಸುರುಳಿ) ಸುಟ್ಟು ಹೋಗುತ್ತದೆ. ಮತ್ತೆ ಅಂಥ ಮೋಟರು ಸಿಗುವುದಿಲ್ಲ ಮಾರಾಯ್ರೆ.

ಇದು ಸಿಂಕ್ರೊನಸ್ ಮೋಟರು, ಅಂದರೆ ಲೈನಿನ ಹರ್ಟ್ಸಿಗೆ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಅಲೆಯುತ್ತದೆ ಎಂಬ ಲೆಕ್ಕ) ಸರಿಯಾಗಿ ತಿರುಗುವುದು. ಒಂದು ವೈಂಡಿಂಗ್ ನೇರವಾಗಿ ಲೈನಿಗೆ, ಇನ್ನೊಂದು ಕೆಪಾಸಿಟರಿನ ಮೂಲಕ. 50 ಹರ್ಟ್ಸಿನಲ್ಲಿ 0.22 ಸುಮಾರು 14,500 ಓಮ್ ತಡೆ ಒಡ್ಡುತ್ತದೆ, 2.5 ಬರೀ 1,270 ಓಮ್. ಎರಡನೇ ವೈಂಡಿಂಗಿಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಕರೆಂಟು ನುಗ್ಗುತ್ತದೆ, ಎರಡರ ಕರೆಂಟಿನ ಅಲೆಗಳ ನಡುವೆ ಇರಬೇಕಾದ 90 ಡಿಗ್ರಿ ಅಂತರವೂ ಹಾಳು. ನಡುಕ, ಬಿಸಿ ಎರಡೂ ಅದರಿಂದಲೇ.

ಅದಕ್ಕಿಂತ ಮುಖ್ಯದ್ದು: ಸಿಂಕ್ರೊನಸ್ ಮೋಟರು ಕೆಪಾಸಿಟರ್ ಸೋತರೆ ನಿಧಾನ ಆಗುವುದಿಲ್ಲ. ಹಿಂದಕ್ಕೆ ತಿರುಗೀತು, ನಿಂತಲ್ಲೇ ನಡುಗೀತು, ಕೈಯಲ್ಲಿ ತಳ್ಳಿದರೆ ಮಾತ್ರ ಹೊರಟೀತು. ಒಮ್ಮೆ ಹಿಡಿತಕ್ಕೆ ಬಂದಮೇಲೆ ವೇಗ ಲೈನಿನ ಹರ್ಟ್ಸಿನದ್ದೇ. ಹಾಗಾಗಿ ಹಾಡು ಎಳೆದರೆ ಸೋಲ್ಡರಿಂಗ್ ಐರನ್ ಹಿಡಿಯುವ ಮೊದಲು ಸುತ್ತು ಎಣಿಸಿ. ಪ್ಲ್ಯಾಟರಿನ (ರೆಕಾರ್ಡ್ ಕೂರುವ ತಟ್ಟೆಯ) ಅಂಚಿಗೆ ಒಂದು ಕಾಗದದ ಚೂರು ಅಂಟಿಸಿ, ರೆಕಾರ್ಡ್ ಇಟ್ಟು, ಮುಳ್ಳು ಇಳಿಸಿ, ಮೊಬೈಲಿನ ಗಡಿಯಾರ ನೋಡಿ 3 ನಿಮಿಷ ಎಣಿಸಬೇಕು. ಸರಿ ಇದ್ದರೆ 33ರ ವೇಗದಲ್ಲಿ ಸರಿಯಾಗಿ 100 ಸುತ್ತು. 95–98 ಬಂದರೆ ಬೆಲ್ಟ್ ಜಾರುತ್ತಿದೆ ಅಥವಾ ಬೇರಿಂಗ್ ಒಣಗಿದೆ. 83 ಬಂದರೆ ಯಾವುದೂ ಕೆಟ್ಟಿಲ್ಲ, ಪುಲ್ಲಿ (ಮೋಟರಿನ ಅಕ್ಷದಲ್ಲಿ ಬೆಲ್ಟ್ ಸುತ್ತುವ ಚಕ್ರ) 60 ಹರ್ಟ್ಸಿನದ್ದು. ನಿಮ್ಮದು 83 ಎಂದೇ ನನ್ನ ಲೆಕ್ಕ. ಸೌದಿಯಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ದುಬೈ, ಕುವೈತ್, ಮಸ್ಕತ್ತಿನಿಂದ ತಂದವರಿಗೆ ಈ ತೊಂದರೆ ಇಲ್ಲ, ಅಲ್ಲಿಯೂ 50. 60ರ ಪುಲ್ಲಿ ಇಲ್ಲಿ ಓಡಿದರೆ ಬಿಳಿ ಒಂದರ ಶ್ರುತಿಯಲ್ಲಿ ಹಾಡಿದ ಪದ ಕೆಳಗಿನ ಬಿಳಿ ಆರಕ್ಕೆ ಇಳಿದು ಕೇಳುತ್ತದೆ. ನಿಮ್ಮ ಹಾರ್ಮೋನಿಯಂ ಹತ್ತಿರ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಎಂದು ಮೇಲೆ ಒಬ್ಬರು ಹೇಳಿದ್ದಾರೆ. ಅದು ವೋಲ್ಟೇಜ್ ಇಳಿಸೀತು, ಹರ್ಟ್ಸನ್ನು ಮುಟ್ಟುವುದೇ ಇಲ್ಲ.

ಕೆಲವು ಸೆಟ್ಟಿನಲ್ಲಿ ಪುಲ್ಲಿಯ ಸ್ಕ್ರೂ ಬಿಚ್ಚಿ ತಿರುಗಿಸಿ ಹಾಕಿದರೆ ಇನ್ನೊಂದು ಬದಿ 50ರದ್ದು, ಮೊದಲು ಅದನ್ನು ನೋಡಿ. ಇಲ್ಲದಿದ್ದರೆ ಲೇತಿನವರ ಹತ್ತಿರ ಹಿತ್ತಾಳೆಯಲ್ಲಿ ಮಾಡಿಸಬೇಕು. ಬರೀ ವ್ಯಾಸವನ್ನು 1.2ರಿಂದ ಗುಣಿಸಿ ಕೊಟ್ಟರೆ ತಪ್ಪುತ್ತದೆ, ಬೆಲ್ಟಿನ ದಪ್ಪವನ್ನೂ ಸೇರಿಸಿ ಗುಣಿಸಿ ಮತ್ತೆ ಕಳೆಯಬೇಕು. ಹಳೇ ಪುಲ್ಲಿ 10 ಮಿಲಿಮೀಟರ್, ಬೆಲ್ಟ್ 0.6 ಎಂದಾದರೆ 10.6 ಇಂಟು 1.2, ಅಂದರೆ 12.72, ಅದರಿಂದ 0.6 ಕಳೆದರೆ 12.12. ಪುಲ್ಲಿಯಲ್ಲಿ 33ರ ವೇಗದ ಮೆಟ್ಟಿಲಿಗೆ ಬೇರೆ, 45ರದ್ದಕ್ಕೆ ಬೇರೆ ಲೆಕ್ಕ. ಹಳೇ ಪುಲ್ಲಿಯ ನಡು ಉಬ್ಬಿದ್ದರೆ ಆ ಉಬ್ಬು ಬೇಕೇ ಬೇಕು, ಚಪ್ಪಟೆ ಮಾಡಿದರೆ ಬೆಲ್ಟ್ ನಿಲ್ಲುವುದಿಲ್ಲ. ತೂತು ಮತ್ತು ಹೊರಮೈ ಒಂದೇ ಹಿಡಿತದಲ್ಲಿ ಕಡೆಯಲಿಕ್ಕೆ ಹೇಳಿ. ಬಿಚ್ಚಿ ಮತ್ತೆ ಕಟ್ಟಿದರೆ ಓಲಾಟ ಬರುತ್ತದೆ, ಹಾಡಿನಲ್ಲಿ ಅದೇ ಕೇಳುತ್ತದೆ.

60ರ ಮೋಟರನ್ನು 50ರಲ್ಲಿ ಓಡಿಸುವಾಗ ಇನ್ನೊಂದು ಉಂಟು. 220 ವೋಲ್ಟಿನದ್ದಾದರೆ ಅದಕ್ಕೆ ಈಗ ಸುಮಾರು 185 ಸಾಕು, ಹೆಚ್ಚಾದದ್ದು ಬಿಸಿಯಾಗಿ ಹೋಗುತ್ತದೆ. ಸೀರೀಸಿನಲ್ಲಿ 1 ಕಿಲೊ ಓಮ್, 5 ವಾಟಿನ ವೈರ್‌ವೌಂಡ್ ರೆಸಿಸ್ಟರಿನಿಂದ ಶುರು ಮಾಡಿ, ಮೋಟರಿನ ತುದಿಗಳಲ್ಲಿ ಅಳೆದು ಹೆಚ್ಚು ಕಡಿಮೆ ಮಾಡಿ. ರೆಕಾರ್ಡ್ ಹೊತ್ತು ಹೊರಡಲಿಕ್ಕೆ ತಿಣುಕಿದರೆ ರೆಸಿಸ್ಟರ್ ಕಡಿಮೆ ಮಾಡಿ. ಕೆಪಾಸಿಟರ್ 0.22 ಇಂದ 0.27ರ ಒಳಗೆ; ಮೋಟರಿನ ಲೋಹದ ಮೈಗೆ ಬೆರಳು ಇಟ್ಟಾಗ ಯಾವುದರಲ್ಲಿ ನಡುಕ ಕಡಿಮೆಯೋ ಅದೇ ಸರಿ. ಬೆರಳು ಇಡುವ ಮೊದಲು ಕರೆಂಟು ತೆಗೆದು, ವೈಂಡಿಂಗಿಗೂ ಮೈಗೂ ನಡುವೆ ಲೀಕ್ ಇಲ್ಲವೆಂದು ಮೀಟರಿನಲ್ಲಿ ನೋಡಿ. ಎರಡು ವೈಂಡಿಂಗಿನ ಓಮ್ ಕೂಡ ಹತ್ತಿರ ಹತ್ತಿರ ಇರಬೇಕು. ಒಂದು ಪೂರ್ತಿ ಓಪನ್ ಬಂದರೆ ಕೂಡಲೇ ಗುಜರಿಗೆ ಹಾಕಬೇಡಿ. ನಮ್ಮ ಕಡಲ ಗಾಳಿಗೆ ತಂತಿ ಹೊರಬರುವ ಬೆಸುಗೆಯೇ ಹಸಿರುಗಟ್ಟಿ ಕಡಿದಿರುತ್ತದೆ.

ಕೆಪಾಸಿಟರ್ ಪಾಲಿಪ್ರೊಪಿಲೀನ್, 400 ವೋಲ್ಟ್ ಎಸಿ ಎಂದು ಮೈಮೇಲೆ ಬರೆದದ್ದೇ ಬೇಕು. ಬರೀ 400 ವೋಲ್ಟ್ ಎಂದಿದ್ದರೆ ಅದು ಡಿಸಿ, ಬೇಡ. ಸ್ವಿಚ್ಚಿನ ಅಡ್ಡಕ್ಕೆ ಇರುವ ಚಿಕ್ಕದ್ದು ಬೇರೆಯೇ, ಕಿಡಿ ತಡೆಯುವುದು, ಅದಕ್ಕೆ 275 ವೋಲ್ಟಿನ ಎಕ್ಸ್ 2 ಎಂಬ ಸುರಕ್ಷತಾ ದರ್ಜೆಯದ್ದು, ಮೈಕ್ರೊಫ್ಯಾರಡ್ ಹಳೆಯದರಷ್ಟೇ, ಹೆಚ್ಚಿನವುಗಳಲ್ಲಿ 0.01. ಹಳದಿ ಪಾರದರ್ಶಕ ಮೈಯ ಕಾಗದದ್ದಿದ್ದರೆ ಚೆನ್ನಾಗಿ ಕಂಡರೂ ಕಿತ್ತು ಹಾಕಿ: ಮೈ ಬಿರಿದು ಮಳೆಗಾಲದ ತೇವ ಒಳಗೆ ಹೋಗಿರುತ್ತದೆ, ಒಂದು ದಿನ ಹೊಗೆ ಬರುತ್ತದೆ. ಸ್ವಿಚ್ ಆಫ್ ಮಾಡಿದರೂ ಮೋಟರು ಸಣ್ಣಕ್ಕೆ ಗುನುಗಿದರೆ ಅದು ಇದರದ್ದೇ ಲೀಕ್. ವೀಮಾ, ಎಪ್ಕೋಸ್ ಎರಡೂ ಕಂಪೆನಿಯವನ್ನು ನಂಬಬಹುದು. ಡಿಸಿ ಮೋಟರಿನ ಸೆಟ್ಟಿರುವವರು ಬೋರ್ಡಿನ ಎಲೆಕ್ಟ್ರೋಲಿಟಿಕ್ ಬದಲಿಸುವಾಗ ದೂರ ಹುಡುಕಬೇಡಿ, ಕಣ್ಣೂರಿನಲ್ಲೇ ಕೇರಳ ಸರಕಾರದ ಕೆಲ್ಟ್ರಾನ್ ಮಾಡುತ್ತದೆ, ಒಳ್ಳೆಯದೇ.

ಮತ್ತೆ ಆ ತೆಂಗಿನೆಣ್ಣೆ! ಮೋಟರಿಗೆ ನಾಲ್ಕು ಹನಿ ಬಿಟ್ಟೆ ಎಂದಿದ್ದೀರಿ. ತೆಂಗಿನೆಣ್ಣೆ ದಿನ ಹೋದಂತೆ ಅಂಟಾಗುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ. ಬುಷ್ಷುಗಳು (ಅಕ್ಷ ತಿರುಗುವ ಬಳೆಗಳು) ಎಣ್ಣೆ ಹೀರಿಟ್ಟುಕೊಳ್ಳುವ ಸಿಂಟರ್ಡ್ (ಪುಡಿ ಒತ್ತಿ ಮಾಡಿದ) ಕಂಚಿನವು, ಹಾಗಾಗಿ ಮೇಲಿಂದ ಒರೆಸಿದರೆ ಹೋಗುವುದಿಲ್ಲ. ಬಿಚ್ಚಿ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಆ ದ್ರವ ತಿಳಿಯಾಗಿಯೇ ಉಳಿಯುವವರೆಗೆ ತೊಳೆದು, ಒಣಗಿಸಿ, ಬೆಚ್ಚಗಿನ ಟರ್ಬೈನ್ ಎಣ್ಣೆಯಲ್ಲಿ ರಾತ್ರಿ ಮುಳುಗಿಸಿಡಿ. 46 ಅಥವಾ 68 ನಂಬ್ರದ್ದು ಸಾಕು. ಬೈಕಿನ ಇಂಜಿನ್ ಆಯಿಲ್ ಬೇಡ, ಅದರಲ್ಲಿ ಡಿಟರ್ಜೆಂಟ್ ಉಂಟು. ಡಬ್ಲ್ಯುಡಿ 40 ಅಂತೂ ಹತ್ತಿರ ತರಬೇಡಿ, ಇದ್ದ ಎಣ್ಣೆಯನ್ನೂ ತೊಳೆದು ಹಾಕುತ್ತದೆ. ಜೋಡಿಸಿದ ಮೇಲೆ ಓಡುತ್ತಿರುವಾಗ ಸ್ಕ್ರೂಡ್ರೈವರಿನ ಹಿಡಿಯಿಂದ ಮೈಗೆ ಸುತ್ತಲೂ ಮೆಲ್ಲ ತಟ್ಟಿ, ಬುಷ್ಷು ತನ್ನಷ್ಟಕ್ಕೆ ಸಾಲಿಗೆ ಬರುತ್ತದೆ.

ಮೊದಲ ಸಲ ಕರೆಂಟು ಕೊಡುವುದು 60 ವಾಟಿನ ಹಳೇ ಬಲ್ಬನ್ನು ಸೀರೀಸಿನಲ್ಲಿ ಹಾಕಿಯೇ. ಬಲ್ಬು ಪೂರ್ತಿ ಉರಿದರೆ ಶಾರ್ಟ್. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ. 100 ಮಿಲಿಆಂಪಿನ ಸ್ಲೋ ಬ್ಲೋ ಫ್ಯೂಸ್ ಹಾಕಿಬಿಡಿ. ಚೌಕ ಅಲೆಯ ಇನ್ವರ್ಟರಿನಲ್ಲಿ ಓಡಿಸಬೇಡಿ. ತುಲಾ ಮಳೆಯ (ಅಕ್ಟೋಬರ್-ನವೆಂಬರಿನ ಮಳೆಯ) ಸಿಡಿಲಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

3 ನಿಮಿಷದ ಎಣಿಕೆ ಮತ್ತು ಮೋಟರಿನ ಮೈಮೇಲೆ ವೋಲ್ಟ್, ಹರ್ಟ್ಸ್ ಬರೆದ ಪಟ್ಟಿಯ ಫೋಟೊ ಇಲ್ಲಿ ಹಾಕಿ. ಅದು ಬರುವವರೆಗೆ ಪುಲ್ಲಿ ಕಡೆಯಲಿಕ್ಕೆ ಕೊಡಬೇಡಿ.