ನಡುವಯಸ್ಸಿನ ಬೊಜ್ಜು, ಇಳಿವಯಸ್ಸಿನ ತೂಕ ಮತ್ತು ಮರೆವು

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರ: “ಬೊಜ್ಜಿನಿಂದ ಮರೆವಿನ ಕಾಯಿಲೆ ಬರುತ್ತದೆಂದು ಓದಿದ್ದೇನೆ. ನನಗೆ 46 ವರ್ಷ, ಮೈತೂಕ ಹೆಚ್ಚಿದೆ. ನಮ್ಮ ಅತ್ತೆಯವರಿಗೆ 74. ದಪ್ಪಗಿದ್ದವರು ಈಚೆಗೆ ತಾವಾಗಿಯೇ ಸಾಕಷ್ಟು ಇಳಿದಿದ್ದಾರೆ. ಸ್ವಲ್ಪ ಮರೆವು ಕಾಣಿಸಿದೆ, ಆದರೆ ತೂಕ ಇಳಿದಿರುವುದರಿಂದ ಹೆದರಬೇಕಿಲ್ಲ ಎನ್ನುತ್ತಾರೆ ಮನೆಯವರು. ಇದು ಸರಿಯೇ?”

ಸಂಪಾದಕರ ಉತ್ತರ:

ಸರಿಯಲ್ಲ. ನಿಮ್ಮ ತೂಕದ ಮಾತಿಗಿಂತ ಮೊದಲು ಅತ್ತೆಯವರ ವಿಚಾರವನ್ನೇ ಹೇಳಬೇಕಾಗಿದೆ. ಪಥ್ಯವಿಲ್ಲದೆ, ವ್ಯಾಯಾಮವಿಲ್ಲದೆ, ಯಾರೂ ಬಯಸದೆ ಇಳಿವಯಸ್ಸಿನಲ್ಲಿ ಕರಗುವ ತೂಕ ಆರೋಗ್ಯದ ಲಕ್ಷಣವಲ್ಲ. ಅದರ ಜೊತೆಗೆ ಮರೆವೂ ಇದ್ದರೆ ವೈದ್ಯರಿಗೆ ತೋರಿಸುವುದನ್ನು ಮುಂದೂಡಬಾರದು.

ಈ ಗೊಂದಲ ನಿಮ್ಮ ಮನೆಯದು ಮಾತ್ರವಲ್ಲ, ಸಂಶೋಧಕರನ್ನೂ ಬಹುಕಾಲ ಕಾಡಿದೆ. ಬ್ರಿಟನ್ನಿನ ಸುಮಾರು 20 ಲಕ್ಷ ಜನರ ವೈದ್ಯಕೀಯ ದಾಖಲೆಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ಥೂಲಕಾಯದವರಿಗಿಂತ ತೀರ ತೆಳ್ಳಗಿರುವವರಲ್ಲೇ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಹೆಚ್ಚಾಗಿ ಕಂಡುಬಂತು. ಹಾಗಾದರೆ ಬೊಜ್ಜು ಮಿದುಳನ್ನು ಕಾಯುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಯುರೋಪ್, ಅಮೆರಿಕ ಮತ್ತು ಏಷ್ಯಾದ ಸುಮಾರು 13 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಬಂದ ವಿಶ್ಲೇಷಣೆ ಇದಕ್ಕೆ ನಂಬಬಹುದಾದ ವಿವರಣೆ ಕೊಟ್ಟಿತು: ಕಾಯಿಲೆ ಪತ್ತೆಯಾಗುವುದಕ್ಕೆ 20 ವರ್ಷಕ್ಕೂ ಮೊದಲು ಅಳೆದ ತೂಕ ಹೆಚ್ಚಿದ್ದವರಿಗೆ ಅಪಾಯ ಹೆಚ್ಚು, ಪತ್ತೆಗೆ ಸಮೀಪದ ವರ್ಷಗಳಲ್ಲಿ ಅಳೆದರೆ ರೋಗಿಗಳಾಗಲಿರುವವರ ತೂಕವೇ ಕಡಿಮೆ. ಮರೆವು ಎದ್ದು ಕಾಣುವುದಕ್ಕೆ ವರ್ಷಗಳ ಮೊದಲೇ ಮಿದುಳಿನಲ್ಲಿ ಕಾಯಿಲೆ ಆರಂಭವಾಗಿರುತ್ತದೆ. ಹಸಿವು ಕುಗ್ಗಿ, ಊಟದ ಕ್ರಮ ತಪ್ಪಿ, ಮೈ ಇಳಿಯತೊಡಗುತ್ತದೆ. ಆದ್ದರಿಂದ ಇಂಥ ಇಳಿಕೆ ಎಷ್ಟೋ ಸಲ ಕಾಯಿಲೆಯ ಫಲವೇ ಹೊರತು ಅದರಿಂದ ರಕ್ಷಣೆಯಲ್ಲ.

ಇನ್ನು ನಿಮ್ಮ ವಿಚಾರ. ನಲವತ್ತರಿಂದ ಅರವತ್ತೈದರ ನಡುವಿನ ಬೊಜ್ಜನ್ನು ಗಂಭೀರವಾಗಿ ಪರಿಗಣಿಸಬೇಕು. ತಕ್ಕಡಿಗಿಂತ ಟೇಪನ್ನು ಹೆಚ್ಚು ನಂಬಬೇಕು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ 6,583 ಜನರ ಹೊಟ್ಟೆಯ ಉಬ್ಬನ್ನು ಅವರ ನಲವತ್ತರ ಆರಂಭದಲ್ಲಿ ಅಳೆದು, ಸರಾಸರಿ 36 ವರ್ಷಗಳ ಬಳಿಕ ನೋಡಿದಾಗ, ಅತಿ ಹೆಚ್ಚು ಹೊಟ್ಟೆಯಿದ್ದ ಐದನೇ ಒಂದು ಭಾಗದವರಲ್ಲಿ ಡಿಮೆನ್ಷಿಯಾದ ಅಪಾಯ ಅತಿ ಕಡಿಮೆ ಹೊಟ್ಟೆಯವರಿಗಿಂತ ಸುಮಾರು ಮೂರು ಪಟ್ಟು ಇತ್ತು. ಒಟ್ಟು ತೂಕ ಸರಿಯಿದ್ದು ಹೊಟ್ಟೆ ಮಾತ್ರ ಬೆಳೆದಿದ್ದವರಲ್ಲೂ ಅಪಾಯ ಏರಿತ್ತು. ನಮ್ಮವರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಕೈಕಾಲು ಸಣ್ಣಗಿದ್ದು ಹೊಟ್ಟೆಯಲ್ಲಿ ಕೊಬ್ಬು ತುಂಬಿಕೊಳ್ಳುವುದು ಭಾರತೀಯರ ಸಾಮಾನ್ಯ ಮೈಕಟ್ಟು. ಈ ಕಾರಣಕ್ಕೇ ನಮ್ಮಲ್ಲಿ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಸೊಂಟದ ಸುತ್ತಳತೆಯನ್ನು ಮಿತಿಯೆಂದು ಇಟ್ಟಿದ್ದಾರೆ.

ಒಳಾಂಗಗಳ ಸುತ್ತ ಸೇರುವ ಈ ಕೊಬ್ಬು ಸುಮ್ಮನೆ ಕುಳಿತಿರುವುದಿಲ್ಲ. ಅದು ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ನಿಗೆ ದೇಹ ಸ್ಪಂದಿಸುವುದನ್ನು ಮಂದಗೊಳಿಸುತ್ತದೆ, ರಕ್ತದೊತ್ತಡ ಏರಿಸುತ್ತದೆ. ಏರಿದ ಒತ್ತಡಕ್ಕೆ ಮಿದುಳಿನೊಳಗಿನ ಕೂದಲೆಳೆಯಂಥ ರಕ್ತನಾಳಗಳು ಪೆಡಸಾಗಿ, ಅವು ಪೋಷಿಸುವ ನರತಂತುಗಳು ನಿಧಾನವಾಗಿ ಹಾಳಾಗುತ್ತವೆ. ಕತ್ತಿನ ಸುತ್ತ ಕೊಬ್ಬು ಸೇರಿದರೆ ನಿದ್ದೆಯಲ್ಲಿ ಉಸಿರು ಕಟ್ಟಬಹುದು. ಜೋರಾಗಿ ಗೊರಕೆ ಹೊಡೆದು, ಹಗಲಲ್ಲಿ ತೂಕಡಿಸುವವರ ಮಿದುಳಿಗೆ ರಾತ್ರಿಯಿಡೀ ಆಮ್ಲಜನಕದ ಕೊರತೆ ಮರುಕಳಿಸುತ್ತಿರಬಹುದು, ಆದರೆ ಇದನ್ನು ನಮ್ಮ ಮನೆಗಳಲ್ಲಿ ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ.

ಆದರೆ ದಪ್ಪಗಿರುವವರಿಗೆಲ್ಲ ಮರೆವು ಖಚಿತ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ರಚಿಸಿದ ತಜ್ಞರ ಆಯೋಗದ 2024ರ ವರದಿ, ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಹೆಸರಿಸಿ, ಅವೆಲ್ಲವನ್ನೂ ನಿವಾರಿಸಿದರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿದೆ. ಆ 45ರಲ್ಲಿ ಬೊಜ್ಜಿನ ನೇರ ಪಾಲು ಸುಮಾರು 1 ಮಾತ್ರ. ಬಿಪಿ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್, ಚಟುವಟಿಕೆಯಿಲ್ಲದ ಜೀವನ ಇವುಗಳಿಗೆ ಬೇರೆಯೇ ಲೆಕ್ಕವಿದೆ. ಬೊಜ್ಜು ಅಪಾಯ ತರುವುದು ಬಹುಪಾಲು ಇವುಗಳ ಮೂಲಕವೇ. ಹೀಗಾಗಿ ತೂಕ ನಿರೀಕ್ಷಿಸಿದಷ್ಟು ಇಳಿಯದಿದ್ದರೂ ಬಿಪಿ, ಶುಗರ್ ಹತೋಟಿಯಲ್ಲಿಟ್ಟು ದಿನವೂ ನಡೆಯುವವರ ಶ್ರಮ ವ್ಯರ್ಥವಲ್ಲ. ತೂಕ ಇಳಿಸುವ ಚುಚ್ಚುಮದ್ದುಗಳ ಬಗ್ಗೆ ಈಗ ದೊಡ್ಡ ಮಾತುಗಳು ಕೇಳಿಬರುತ್ತಿವೆ. ಅಂಥದೇ ಒಂದು ಔಷಧ, ಸೆಮಾಗ್ಲುಟೈಡ್, ಡಿಮೆನ್ಷಿಯಾದ ಅತಿ ಸಾಮಾನ್ಯ ಬಗೆಯಾದ ಆಲ್ಝೈಮರ್ ಆಗಲೇ ಆರಂಭವಾಗಿದ್ದವರಲ್ಲಿ ಕಾಯಿಲೆಯ ವೇಗವನ್ನು ತಗ್ಗಿಸಲಿಲ್ಲವೆಂದು 2025ರಲ್ಲಿ ಗೊತ್ತಾಯಿತು.

ಈ ತಿಳಿವಳಿಕೆಯ ಬಹುಭಾಗ ಪಾಶ್ಚಾತ್ಯರನ್ನು ಪರೀಕ್ಷಿಸಿ ದೊರೆತದ್ದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ವರ್ಷಗಳಿಂದ ಪರೀಕ್ಷಿಸುತ್ತ ಬಂದಿರುವುದು ಅದಕ್ಕಾಗಿಯೇ ಬಹಳ ಮುಖ್ಯವಾದ ಕೆಲಸ.

ನೀವು ಈ ವಾರವೇ ಸೊಂಟ ಅಳೆದು, ಬಿಪಿ, ಶುಗರ್, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿಕೊಳ್ಳಿ. ಅತ್ತೆಯವರನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಹಾನ್ಸ್ ಸಹಯೋಗದ ಸರ್ಕಾರಿ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆಯಲಾಗಿದೆ. ಎಷ್ಟು ಕಾಲದಲ್ಲಿ ಎಷ್ಟು ತೂಕ ಇಳಿಯಿತು, ಊಟ ಹೇಗಿದೆ, ಏನೇನು ಮರೆಯುತ್ತಾರೆ ಎಂಬುದನ್ನು ಬರೆದುಕೊಂಡು ಹೋಗಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ ಇವೂ ಮರೆವು ತರಬಲ್ಲವು, ಮತ್ತು ಇವಕ್ಕೆ ಚಿಕಿತ್ಸೆಯಿದೆ. ವೈದ್ಯರು ನೋಡುವವರೆಗೆ ಅತ್ತೆಯವರಿಗೆ ಯಾವ ಪಥ್ಯವನ್ನೂ ಹಾಕಬೇಡಿ.