ಸಮತೋಲನದಲ್ಲಿ ಸಮ ಆಗುವುದು ಯಾವುದು?

ಓದುಗರ ಪತ್ರ: ‘ಕಳೆದ ಸಂಚಿಕೆಯ ಲೇಖನದಲ್ಲಿ, ಸಮತೋಲನವೆಂದರೆ ಎಲ್ಲ ಕಡೆಯೂ ಎಲ್ಲವೂ ಒಂದೇ ಆಗುವುದು ಎಂದು ಬರೆದಿದ್ದೀರಿ. ನಾನು ಕೆಮಿಕಲ್ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ಎಥನಾಲ್ ಮತ್ತು ನೀರಿನ ಮಿಶ್ರಣ ಕುದಿಯುವಾಗ ಆವಿಯಲ್ಲಿ ಎಥನಾಲ್ ಹೆಚ್ಚು, ದ್ರವದಲ್ಲಿ ಕಡಿಮೆ. ಹಾಗಾದರೆ ಅದು ಸಮತೋಲನ ಅಲ್ಲವೇ? ಇನ್ನೊಂದು ಅನುಮಾನ: ಎಥನಾಲ್ 78 ಡಿಗ್ರಿಗೆ, ನೀರು 100ಕ್ಕೆ ಕುದಿಯುತ್ತದೆ. 80ರಲ್ಲಿ ಹಿಡಿದಿಟ್ಟರೆ ಎಥನಾಲ್ ಪೂರ್ತಿ ಹೋಗಿ ನೀರಷ್ಟೇ ಉಳಿಯಬೇಕಲ್ಲ?’

ಸಂಪಾದಕರ ಉತ್ತರ:

ನಿಮ್ಮ ಆಕ್ಷೇಪ ಸರಿ. ನಮ್ಮ ವಾಕ್ಯ ತಪ್ಪು. ಪ್ರಾವಸ್ಥಾ ಸಮತೋಲನವನ್ನು, ಅಂದರೆ ದ್ರವ, ಆವಿಯಂಥ ಸ್ಥಿತಿಗಳ ನಡುವಿನ ಸಮತೋಲನವನ್ನು, ಕಲಿಯುವವರು ಮೊದಲು ಎಡವುವುದೇ ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅರ್ಧ ಕುಡಿದು ಮುಚ್ಚಳ ಬಿಗಿದ ನೀರಿನ ಬಾಟಲಿಯನ್ನು ಕಿಟಕಿಯ ಪಕ್ಕ ಇಟ್ಟು ನೋಡಿ. ಹೊತ್ತೇರಿದಂತೆ ಒಳಗೋಡೆಯ ಮೇಲೆ ಹನಿಗಳು ಕೂರುತ್ತವೆ. ನೀರಿನ ಮಟ್ಟ ಮಾತ್ರ ಇದ್ದಲ್ಲೇ ಇರುತ್ತದೆ. ಒಳಗೆ ಯಾವುದೂ ನಿಂತಿಲ್ಲ. ಎಷ್ಟು ಅಣುಗಳು ದ್ರವ ಬಿಟ್ಟು ಹಾರುತ್ತವೆಯೋ ಅಷ್ಟೇ ಅಣುಗಳು ಆವಿಯಿಂದ ಮರಳುತ್ತವೆ. ಆದರೂ ಒಂದು ಲೀಟರ್ ನೀರಿನಲ್ಲಿರುವ ಅಣುಗಳೆಷ್ಟು, ಒಂದು ಲೀಟರ್ ಆವಿಯಲ್ಲಿರುವ ಅಣುಗಳೆಷ್ಟು! ಎರಡೂ ಕಡೆ ಉಷ್ಣತೆ ಒಂದೇ, ಒತ್ತಡ ಒಂದೇ, ಜೊತೆಗೆ ಅಣುವಿಗಿರುವ ‘ಹೊರಟುಬಿಡುವ ತವಕ’ವೂ ಒಂದೇ. ಮಿಕ್ಕದ್ದು ಸಮ ಆಗಬೇಕಿಲ್ಲ.

ಆ ತವಕಕ್ಕೆ ಅಮೆರಿಕದ ಜೋಸಯ್ಯ ವಿಲ್ಲರ್ಡ್ ಗಿಬ್ಸ್ 1876–78ರಲ್ಲಿ ಗಣಿತದ ರೂಪ ಕೊಟ್ಟರು. ಅದನ್ನೇ ಈಗ ರಾಸಾಯನಿಕ ವಿಭವ ಎನ್ನುತ್ತೇವೆ. 1901ರಲ್ಲಿ ಗಿಲ್ಬರ್ಟ್ ಲೂಯಿಸ್ ಅದನ್ನೇ ಒತ್ತಡದ ಮಾನದಲ್ಲಿ ಅಳೆಯುವಂತೆ ಮಾಡಿ ‘ಫ್ಯುಗಾಸಿಟಿ’ ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಓಡಿಹೋಗುವುದು ಎಂಬರ್ಥದ ಮೂಲ. ಬೋರ್ಡಿನ ಮೇಲೆ ಮೇಷ್ಟ್ರು ಬರೆಯುವ ಸಮೀಕರಣ ಹೇಳುವುದು ಇಷ್ಟೇ: ಎಥನಾಲಿನ ಫ್ಯುಗಾಸಿಟಿ ದ್ರವದಲ್ಲೂ ಆವಿಯಲ್ಲೂ ಒಂದೇ, ನೀರಿನದೂ ಹಾಗೆಯೇ.

ಈಗ ನಿಮ್ಮ 80 ಡಿಗ್ರಿಗೆ ಬರೋಣ. ನೂರು ಅಣುಗಳಲ್ಲಿ 10 ಎಥನಾಲ್, 90 ನೀರು ಇರುವ ದ್ರವ ವಾತಾವರಣದ ಒತ್ತಡದಲ್ಲಿ 80ಕ್ಕೆ ಕುದಿಯುವುದೇ ಇಲ್ಲ. ಅದು ಕುದಿಯುವುದು ಸುಮಾರು 86.5 ಡಿಗ್ರಿಗೆ. ಮೊದಲು ಏಳುವ ಆವಿಯಲ್ಲಿ ಎಥನಾಲ್ ಸುಮಾರು 44, ನೀರು 56. ಅಂದರೆ ನೀರೂ ಜೊತೆಯಲ್ಲೇ ಹೊರಡುತ್ತದೆ. ಮಿಶ್ರಣದಲ್ಲಿ ಯಾರೂ ತಮ್ಮ ಒಂಟಿ ಕುದಿಬಿಂದುವಿಗಾಗಿ ಕಾಯುವುದಿಲ್ಲ. ಎಥನಾಲ್ ಕಡಿಮೆಯಾದಂತೆ ಪಾತ್ರೆಯ ಕುದಿಬಿಂದು 100ರತ್ತ ಏರುತ್ತಾ ಹೋಗುತ್ತದೆ.

ಈ 44 ಎಂಬ ಸಂಖ್ಯೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅಣುಗಳಿಗೆ ತಮ್ಮವರು, ಪರರು ಎಂಬ ಭೇದವಿಲ್ಲ ಎಂದುಕೊಂಡು ರೌಲ್ಟ್ ನಿಯಮ (ದ್ರವದಲ್ಲಿ ಎಷ್ಟು ಪಾಲೋ ಆವಿಯ ಒತ್ತಡವೂ ಅದೇ ಪ್ರಮಾಣದಲ್ಲಿ ಎನ್ನುವ ನಿಯಮ) ಹಚ್ಚಿದರೆ ಉತ್ತರ ಸುಮಾರು 20 ಬರುತ್ತದೆ. ನಿಜ ಅದರ ಎರಡು ಪಟ್ಟಿಗಿಂತ ಹೆಚ್ಚು. ನೀರಿನ ಅಣುಗಳು ಹೈಡ್ರೋಜನ್ ಬಂಧಗಳಿಂದ ಕೈಕೈ ಹಿಡಿದಿರುತ್ತವೆ; ಎಥನಾಲಿನ ಕಾರ್ಬನ್ ತುದಿಗೆ ಆ ಸಂಸಾರ ಒಗ್ಗುವುದಿಲ್ಲ. ಹಾಗಾಗಿ ಅದರ ತವಕ ಹೆಚ್ಚು. ಪಠ್ಯದಲ್ಲಿ ಬರುವ ಚಟುವಟಿಕೆ ಗುಣಾಂಕ ಈ ಹೆಚ್ಚುವರಿ ತವಕದ ಲೆಕ್ಕ. ಅದನ್ನು ಬರೀ ತಿದ್ದುಪಡಿಯ ಸಂಖ್ಯೆ ಎಂದು ಬಾಯಿಪಾಠ ಮಾಡಬೇಡಿ. ಅಣುಗಳ ನಡುವಿನ ಹೊಂದಾಣಿಕೆಯ ಕಥೆ ಇರುವುದೇ ಅದರಲ್ಲಿ.

ಬಟ್ಟಿ ಗೋಪುರ ನಡೆಯುವುದು ದ್ರವ–ಆವಿಗಳ ಈ ವ್ಯತ್ಯಾಸದ ಬಲದಿಂದ. 44ರ ಆವಿಯನ್ನು ತಣಿಸಿ ಮತ್ತೆ ಕುದಿಸಿದರೆ ಇನ್ನೂ ಶ್ರೀಮಂತ ಆವಿ. ಕಾಕಂಬಿಯನ್ನು ಹುಳಿಸಿ ಎಥನಾಲ್ ತೆಗೆಯುವ ಡಿಸ್ಟಿಲರಿಗಳಲ್ಲಿ ಕಾಣುವ ಎತ್ತರದ ಗೋಪುರದೊಳಗಿನ ಒಂದೊಂದು ತಟ್ಟೆಯೂ ಇಂಥ ಒಂದೊಂದು ಮರುಕುದಿತ. ಆದರೆ ಮೇಲೇರಿದಂತೆ ಲಾಭ ಸಣ್ಣದಾಗುತ್ತದೆ. ದ್ರವದಲ್ಲಿ 50 ಇದ್ದರೆ ಆವಿಯಲ್ಲಿ 65ರ ಆಸುಪಾಸು. 75ಕ್ಕೆ 78. ಸುಮಾರು 89ಕ್ಕೆ ಬಂದಾಗ ಆವಿಯಲ್ಲೂ 89! ತೂಕದಲ್ಲಿ ಇದು ಶೇ 95.6 ಎಥನಾಲ್. ಇದೇ ಅಝಿಯೋಟ್ರೋಪ್. ಇದು ಕುದಿಯುವುದು 78.15 ಡಿಗ್ರಿಗೆ, ಶುದ್ಧ ಎಥನಾಲಿನ 78.3ಕ್ಕಿಂತ ತುಸು ಕೆಳಗೆ. ಇಲ್ಲಿಂದ ಮುಂದೆ ಎಷ್ಟು ತಟ್ಟೆ ಜೋಡಿಸಿದರೂ, ಎಷ್ಟು ಉರಿ ಹಾಕಿದರೂ ಪ್ರಯೋಜನವಿಲ್ಲ. ನಮ್ಮ ಲೇಖನ ಹೇಳಿದಂತೆ ಸಂಯೋಜನೆ ನಿಜಕ್ಕೂ ಒಂದೇ ಆಗುವ ಜಾಗ ಇದು. ಬಟ್ಟಿ ಇಳಿಸುವವರ ಕೈ ಕಟ್ಟಿಹೋಗುವುದೂ ಇಲ್ಲೇ.

ಪೆಟ್ರೋಲಿಗೆ ಬೆರೆಸುವ ಎಥನಾಲ್ ಶೇ 99.5 ಶುದ್ಧವಿರಬೇಕು. ಉಳಿದ ನೀರನ್ನು ತೆಗೆಯಲು ಈಗ ಹೆಚ್ಚಾಗಿ ಬಳಸುವುದು ಆಣ್ವಿಕ ಜರಡಿ. ಅದರ ರಂಧ್ರ ಸುಮಾರು 3 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ): ನೀರಿನ ಅಣು ನುಸುಳಿ ಸಿಕ್ಕಿಬೀಳುತ್ತದೆ, ದೊಡ್ಡದಾದ ಎಥನಾಲ್ ಹಿಡಿಸದೆ ಹೊರಗೇ ಉಳಿಯುತ್ತದೆ.

ಇಷ್ಟು ಹಟ ಹಿಡಿದು ನೀರು ತೆಗೆಯುವುದಕ್ಕೂ ಕಾರಣ ಪ್ರಾವಸ್ಥೆಯೇ. ಎಥನಾಲ್ ಬೆರೆತ ಪೆಟ್ರೋಲಿಗೆ ಮಿತಿ ಮೀರಿ ನೀರು ಸೇರಿದರೆ ದ್ರವ ಎರಡು ಪದರವಾಗಿ ಒಡೆಯುತ್ತದೆ. ಎಥನಾಲಿನ ಬಹುಪಾಲು ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಮೇಲಿನ ಪದರದಲ್ಲಿ ಎಥನಾಲ್ ಕಡಿಮೆ, ಕೆಳಗಿನದರಲ್ಲಿ ಹೆಚ್ಚು. ಅದರ ಫ್ಯುಗಾಸಿಟಿ ಮಾತ್ರ ಎರಡರಲ್ಲೂ ಒಂದೇ.