ಕಾಫಿ ತೋಟದ ಉಂಡೆ ಹುಳುಗಳು: ಐಸೋಪಾಡ್‌ಗಳನ್ನು ಗುರುತಿಸಿ ಮನೆಯಲ್ಲಿ ಸಾಕುವುದು ಹೇಗೆ?

ಮೂಡಿಗೆರೆಯ ತೋಟದ ತರಗೆಲೆಯಡಿಯಿಂದ ಮೂರು ಬಗೆಯ ಹುಳುಗಳನ್ನು ಒಂದೇ ಡಬ್ಬಿಯಲ್ಲಿ ತಂದಿರುವುದಾಗಿ ಬರೆದಿದ್ದೀರಿ: ಗೋಲಿಯಷ್ಟು ದಪ್ಪ ಉಂಡೆಯಾಗುವ ಕಂದು ಹುಳು, ಕಡಲೆಕಾಳಿಗಿಂತ ಚಿಕ್ಕದಾಗಿ ಉಂಡೆಯಾಗುವ ಬೂದು ಹುಳು, ಮತ್ತು ಉಂಡೆಯಾಗದೆ ಓಡುವ, ಮೈಗೆ ವಿಭೂತಿ ಬಳಿದಂತಿರುವ ಇನ್ನೊಂದು. ಸಕಲೇಶಪುರದ ಸಮೀಪದ ನಮ್ಮ ತೋಟದ ಐಸೋಪಾಡ್‌ಗಳನ್ನು (ತರಗೆಲೆಯಡಿ ಬದುಕುವ, ಸಿಗಡಿ, ಏಡಿಗಳ ದೂರದ ನೆಂಟರಾದ ಪುಟ್ಟ ಜೀವಿಗಳನ್ನು) ಕೆಲವು ವರ್ಷಗಳಿಂದ ಸಾಕುತ್ತಿರುವ ಅನುಭವದಿಂದ ಹೇಳುವುದಾದರೆ, ಜಾತಿಯ ಹೆಸರಿಗಿಂತ ಮೊದಲು ಇವನ್ನು ಮೂರು ಬೇರೆ ಡಬ್ಬಿಗಳಿಗೆ ಹಾಕಿ.

ಗೋಲಿಯಂಥದ್ದು ಐಸೋಪಾಡ್ ಅಲ್ಲವೆಂದೇ ನನ್ನ ಎಣಿಕೆ. ಅದು ಚೋರಟೆಯ (ಸಹಸ್ರಪದಿಯ) ಬಳಗದ್ದು. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಕಂಡುಬರುವ ಆರ್ತ್ರೋಸ್ಫಿಯರಾ ಕುಲದ್ದಿರಬೇಕು. ಮಗುಚಿ ಕಾಲುಗಳನ್ನು ಎಣಿಸಿದರೆ ಸಂಶಯ ಉಳಿಯುವುದಿಲ್ಲ: ಐಸೋಪಾಡ್‌ಗೆ 7 ಜೊತೆ ಕಾಲುಗಳು, ಇದಕ್ಕೆ 20ಕ್ಕೂ ಹೆಚ್ಚು ಜೊತೆ. ತಾಯಿಯ ಹೊಟ್ಟೆಯಡಿಯ ಮೊಟ್ಟೆಚೀಲದಿಂದ ಆಗತಾನೆ ಹೊರಬಂದ ಐಸೋಪಾಡ್ ಮರಿಗೆ ಮಾತ್ರ 6 ಜೊತೆ ಇರುವುದರಿಂದ ಎಣಿಕೆಗೆ ದೊಡ್ಡದನ್ನೇ ಆರಿಸಿಕೊಳ್ಳಿ. ನಾನೂ ಮೊದಲ ವರ್ಷ ಇಂಥ ಮೂರನ್ನು ಐಸೋಪಾಡ್ ಎಂದೇ ನಂಬಿ ಸಾಕಲು ಹೋಗಿ, ಎರಡು ತಿಂಗಳೊಳಗೆ ಮೂರನ್ನೂ ಕಳೆದುಕೊಂಡೆ. ಅದನ್ನು ತಂದ ಮರದ ಬುಡಕ್ಕೇ ಬಿಟ್ಟುಬನ್ನಿ.

ವಿಭೂತಿಯ ಹುಳು ಬಹುಶಃ ಪೊರ್ಸೆಲಿಯೋನೈಡಿಸ್ ಪ್ರುಯಿನೋಸಸ್. ಮನುಷ್ಯರ ಜೊತೆಗೆ ಪ್ರಪಂಚವನ್ನೆಲ್ಲ ಸುತ್ತಿದ, ಗೊಬ್ಬರದ ಗುಂಡಿಗಳಲ್ಲೂ ನೆಲೆಸುವ ಜಾತಿ. ಮುಟ್ಟಿದರೆ ಪುಡಿ ಅಳಿಸಿ ಕೆಳಗಿನ ಕಂದು ಬಣ್ಣ ಕಾಣುತ್ತದೆ, ಬಾಲದಲ್ಲಿ ಎರಡು ಚೂಪು ಕಡ್ಡಿಗಳು ಹೊರಚಾಚಿರುತ್ತವೆ. ಭೂತಗನ್ನಡಿಯಲ್ಲಿ ಮೀಸೆಯ ತುದಿಭಾಗವನ್ನೂ ನೋಡಿ: ಇದರಲ್ಲಿ ಎರಡು ಗೆಣ್ಣುಗಳಿರುತ್ತವೆ. ಮೂರು ಗೆಣ್ಣುಗಳಿದ್ದು, ಮೈ ಸಪೂರವಾಗಿ ಪುಡಿಯಿಲ್ಲದೆ ಹೊಳೆಯುತ್ತಿದ್ದರೆ ಅದು ಫಿಲೋಸಿಯಿಡೀ ಕುಟುಂಬದ್ದಿರಬಹುದು. ಅಂಥವು ಡಬ್ಬಿ ಸ್ವಲ್ಪ ಒಣಗಿದರೂ ಸಾಯುತ್ತವೆ, ಹೊಸಬರಿಗೆ ಹೇಳಿದ್ದಲ್ಲ.

ಉಂಡೆಯಾಗುವ ಚಿಕ್ಕದರ ಬಗ್ಗೆ ಎಚ್ಚರ ಬೇಕು. ಅಂತರ್ಜಾಲದ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಯುರೋಪಿನ ಮೂಲದ ಆರ್ಮಡಿಲಿಡಿಯಂ ವಲ್ಗೇರ್ ಆದ್ದರಿಂದ ಎಲ್ಲರೂ ತಮ್ಮ ಹುಳುವಿಗೂ ಅದೇ ಹೆಸರಿಡುತ್ತಾರೆ. ಬಾಲದ ತುದಿಯ ಫಲಕವನ್ನು ನೋಡಿ: ಅದು ತ್ರಿಕೋನವಾಗಿದ್ದು, ಅಕ್ಕಪಕ್ಕದ ಸಂದನ್ನು ಅಗಲವಾದ ಚಪ್ಪಟೆ ತುಣುಕುಗಳು ತುಂಬಿದ್ದರೆ ಆರ್ಮಡಿಲಿಡಿಯಂ; ಫಲಕದ ನಡು ಡಮರುವಿನಂತೆ ಸಣ್ಣಗಾಗಿದ್ದರೆ ಆರ್ಮಡಿಲಿಡೀ ಎಂಬ ಬೇರೆಯೇ ಕುಟುಂಬ. ಉಷ್ಣವಲಯದ ಉದ್ದಗಲಕ್ಕೂ ಹರಡಿರುವ ಕ್ಯೂಬಾರಿಸ್ ಮ್ಯೂರಿನಾ ಈ ಎರಡನೆಯದಕ್ಕೆ ಸೇರಿದೆ. ಜಾತಿಯನ್ನು ಖಚಿತಪಡಿಸಲು ಸಾಮಾನ್ಯವಾಗಿ ಗಂಡಿನ ಹೊಟ್ಟೆಯಡಿಯ ಅಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ನಾನು ಅಷ್ಟು ದೂರ ಹೋಗುವುದಿಲ್ಲ. ಕುಟುಂಬ, ಸಿಕ್ಕ ಜಾಗ, ದಿನಾಂಕ ಬರೆದ ಚೀಟಿಯನ್ನು ಡಬ್ಬಿಗೆ ಅಂಟಿಸುತ್ತೇನೆ. ಊಹೆಯ ಹೆಸರಿಗಿಂತ ಆ ಚೀಟಿ ಮುಂದೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ನೇರಳೆ ಮಿಶ್ರಿತ ನೀಲಿ ಬಣ್ಣದ್ದು ಸಿಕ್ಕರೆ ಅಪರೂಪದ ತಳಿಯೆಂದು ಹಿಗ್ಗಬೇಡಿ. ಇರಿಡೋವೈರಸ್ ತಗುಲಿದ ಐಸೋಪಾಡ್‌ನ ಮೈ ಒಳಗಿನಿಂದಲೇ ಹೀಗೆ ಹೊಳೆಯುತ್ತದೆ, ಮತ್ತು ಅದು ಹೆಚ್ಚು ದಿನ ಬದುಕುವುದಿಲ್ಲ. ಅಂಥದ್ದನ್ನು ಉಳಿದವುಗಳ ಜೊತೆ ಸೇರಿಸಲೇಬಾರದು.

ವಂಶ ಬೆಳೆಸಲು ಒಂದೇ ಬಗೆಯ ಹತ್ತು ಹದಿನೈದು ಹುಳುಗಳು ಸಾಕು. ಹೊಟ್ಟೆಯಡಿಯ ಚೀಲದಲ್ಲಿ ಹಳದಿ ಛಾಯೆಯ ಮೊಟ್ಟೆಗಳನ್ನು ಹೊತ್ತ ಹೆಣ್ಣು ಸಿಕ್ಕರೆ ಇನ್ನೂ ಒಳ್ಳೆಯದು. ಇವು ಸಿಗಡಿ, ಏಡಿಗಳ ದೂರದ ನೆಂಟರಾದುದರಿಂದ ಉಸಿರಾಟಕ್ಕೆ ತೇವ ಬೇಕು, ಆದರೆ ಕೆಸರಿನಲ್ಲಿ ಉಳಿಯಲಾರವು. ಡಬ್ಬಿಯ ಒಂದು ಬದಿಯನ್ನು ಒದ್ದೆಯಾಗಿಯೂ ಇನ್ನೊಂದನ್ನು ಒಣದಾಗಿಯೂ ಇಟ್ಟು, ಗಾಳಿಗೆ ತೂತು ಮಾಡಿ, ಮಣ್ಣಿನ ಮೇಲೆ ಮಾವು, ಹಲಸಿನ ಒಣಗಿದ ಎಲೆ, ಲಡ್ಡಾದ ಸೌದೆ ತುಂಡು, ಪುಡಿ ಮಾಡಿದ ಮೊಟ್ಟೆಚಿಪ್ಪು ಹಾಕಿ.

ಎಲೆಯನ್ನು ಎಲ್ಲಿಂದ ತರುತ್ತೀರಿ ಎಂಬುದು ನಮ್ಮ ಸೀಮೆಯಲ್ಲಿ ಬಹಳ ಮುಖ್ಯ. ಕಾಫಿ ಮತ್ತು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ, ಅಂದರೆ ತಾಮ್ರ, ಇರುತ್ತದೆ. ಐಸೋಪಾಡ್‌ಗಳು ತಿಂದ ತಾಮ್ರವನ್ನು ಒಡಲಲ್ಲೇ ಕೂಡಿಡುತ್ತವೆ, ಅತಿಯಾದರೆ ಅದೇ ವಿಷ. ಸಿಂಪಡಿಸಿದ ತೋಟದ ಎಲೆ ಬೇಡ. ಮನೆಯ ಹಿತ್ತಿಲಿನದು ಲೇಸು. ಹಾಗೆಂದು ಭದ್ರಾ ಅಭಯಾರಣ್ಯಕ್ಕೆ ಚೀಲ ಹಿಡಿದು ಹೋಗಬೇಡಿ, ಅಲ್ಲಿಂದ ಅನುಮತಿಯಿಲ್ಲದೆ ಎಲೆಯನ್ನೂ ಹುಳುವನ್ನೂ ತರುವಂತಿಲ್ಲ.